ಒಡ್ಡೋಲಗದ ಒಳಸಂಚು ಮತ್ತು ನಗೆ: ಬಿ.ಬಿ.ಸಿ.ಯ ‘ಬ್ಲ್ಯಾಕ್‌ಆ್ಯಡರ್’

ಅರಮನೆಯ ಕಥೆಗಳನ್ನು ನಾವು ಎರಡು ಬಗೆಯಲ್ಲಿ ಕೇಳುತ್ತ ಬಂದಿದ್ದೇವೆ. ಶಾಸನಗಳೂ ಪಠ್ಯಪುಸ್ತಕಗಳೂ ಹೇಳುವ ಬಗೆ ಒಂದು. ಅಲ್ಲಿ ಅರಸರ ಬಿರುದು, ದಂಡಯಾತ್ರೆ, ದಾನದತ್ತಿಗಳ ವಿವರ. ಮನೆಯ ಹಿರಿಯರು ಊಟದ ಹೊತ್ತಿಗೆ ಹೇಳುವ ಬಗೆ ಇನ್ನೊಂದು. ಅಲ್ಲಿ ಅರಸನಿಗೆ ಮುಂಗೋಪ, ಮಂತ್ರಿಗೆ ಹೊಟ್ಟೆಕಿಚ್ಚು, ಪುರೋಹಿತನಿಗೆ ದುರಾಸೆ, ಇವರ ನಡುವೆ ತನ್ನ ತಲೆಯನ್ನು ಉಳಿಸಿಕೊಳ್ಳಲು ಹೆಣಗುವ ಒಬ್ಬ ಜಾಣ. ಬ್ರಿಟನ್ನಿನ ಬಿ.ಬಿ.ಸಿ. ವಾಹಿನಿಯಲ್ಲಿ 1983ರಿಂದ 1989ರವರೆಗೆ ಪ್ರಸಾರವಾದ ‘ಬ್ಲ್ಯಾಕ್‌ಆ್ಯಡರ್’ ಎಂಬ ಹಾಸ್ಯ ಧಾರಾವಾಹಿ ಈ ಎರಡನೆಯ ಬಗೆಗೆ ಸೇರಿದ್ದು.

ನಮ್ಮ ಮನೆಗಳ ಮಕ್ಕಳು ರೋವನ್ ಅಟ್ಕಿನ್‌ಸನ್ ಅವರನ್ನು ಬಲ್ಲರು. ಆದರೆ ಬಲ್ಲದ್ದು ‘ಮಿಸ್ಟರ್ ಬೀನ್’ ಆಗಿ. ಮಾತೇ ಆಡದ, ಮುಖಚೇಷ್ಟೆಯಿಂದಲೇ ನಗಿಸುವ ಆ ಪಾತ್ರ ತೆರೆಗೆ ಬಂದದ್ದು 1990ರ ಜನವರಿ 1ರಂದು. ಅದಕ್ಕೂ ಮುಂಚೆ ಅವರಿಗೆ ತಾಯ್ನಾಡಿನಲ್ಲಿ ದೊಡ್ಡ ಹೆಸರು ತಂದುಕೊಟ್ಟದ್ದು ಬ್ಲ್ಯಾಕ್‌ಆ್ಯಡರನ ಪಾತ್ರ. ಇದು ಬೀನ್‌ಗೆ ತೀರ ವಿರುದ್ಧವಾದುದು. ಇಲ್ಲಿ ಮಾತೇ ಎಲ್ಲವೂ. ಕತ್ತಿಗಿಂತ ಹರಿತವಾದ ವ್ಯಂಗ್ಯವೇ ನಾಯಕನ ಆಯುಧ. ಇಂಗ್ಲಿಷ್ ಹಾಸ್ಯದ ಪರಿಚಯವನ್ನು ಬಯಸುವ ಓದುಗರಿಗಾಗಿ ಈ ಧಾರಾವಾಹಿಯ ಸ್ಥೂಲ ವಿವರಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಸರಣಿಯ ಸ್ವರೂಪ

‘ಆ್ಯಡರ್’ ಎಂದರೆ ಇಂಗ್ಲೆಂಡಿನ ಒಂದು ವಿಷಸರ್ಪ. ಎಡ್ಮಂಡ್ ಎಂಬಾತ ತನಗೆ ತಾನೇ ಇಟ್ಟುಕೊಂಡ ಬಿರುದು ‘ಕರಿ ಹಾವು’. ಒಟ್ಟು ನಾಲ್ಕು ಸರಣಿಗಳು, ಪ್ರತಿಯೊಂದರಲ್ಲಿ 6 ಕಂತುಗಳಂತೆ 24 ಕಂತುಗಳು. ಸರಣಿಯಿಂದ ಸರಣಿಗೆ ಕಾಲ ಬದಲಾಗುತ್ತದೆ. ಅದೇ ವಂಶದ ಮತ್ತೊಬ್ಬ ಎಡ್ಮಂಡ್ ಮತ್ತೊಂದು ಶತಮಾನದಲ್ಲಿ ಹುಟ್ಟಿಬರುತ್ತಾನೆ. ಅವನ ಬೆನ್ನಿಗೆ ಬಾಲ್ಡ್ರಿಕ್ ಎಂಬ ಕೊಳಕು ಸೇವಕನೂ ವಂಶಪಾರಂಪರ್ಯವಾಗಿ ಅಂಟಿಕೊಂಡಿರುತ್ತಾನೆ.

1. ‘ದಿ ಬ್ಲ್ಯಾಕ್ ಆ್ಯಡರ್’ (1983): ಹದಿನೈದನೆಯ ಶತಮಾನದ ಅಂತ್ಯ, ನಾಯಕ ರಾಜಕುಮಾರ.
2. ‘ಬ್ಲ್ಯಾಕ್‌ಆ್ಯಡರ್ 2’ (1986): ಮೊದಲನೆಯ ಎಲಿಜಬೆತ್ ರಾಣಿಯ ಕಾಲ, ನಾಯಕ ಆಸ್ಥಾನದ ಪ್ರಭು.
3. ‘ಬ್ಲ್ಯಾಕ್‌ಆ್ಯಡರ್ ದಿ ಥರ್ಡ್’ (1987): ಯುವರಾಜ ಜಾರ್ಜ್‌ನ ಕಾಲ, ನಾಯಕ ಅರಮನೆಯ ಬಟ್ಲರ್.
4. ‘ಬ್ಲ್ಯಾಕ್‌ಆ್ಯಡರ್ ಗೋಸ್ ಫೋರ್ತ್’ (1989): 1917ರ ಮಹಾಯುದ್ಧದ ಕಂದಕ, ನಾಯಕ ಸೇನೆಯ ಕ್ಯಾಪ್ಟನ್.

ಈ ಪಟ್ಟಿಯನ್ನು ಗಮನಿಸಿದರೆ ಕೃತಿಯ ಜೀವಾಳ ತಿಳಿಯುತ್ತದೆ. ರಾಜಕುಮಾರ, ಪ್ರಭು, ಬಟ್ಲರ್, ಕ್ಯಾಪ್ಟನ್ ಎಂದು ನಾಯಕ ಸಿಂಹಾಸನದಿಂದ ಹಂತಹಂತವಾಗಿ ದೂರ ಸರಿಯುತ್ತಾನೆ. ಅಂತಸ್ತು ಇಳಿಯುತ್ತ ಹೋದಂತೆ ಬುದ್ಧಿ ಏರುತ್ತ ಹೋಗುತ್ತದೆ. ಮೊದಲನೆಯ ಎಡ್ಮಂಡ್ ಹುಟ್ಟಿನಿಂದ ರಾಜಪುತ್ರ, ಬುದ್ಧಿಯಲ್ಲಿ ಪೆದ್ದ. ಕೊನೆಯವನು ಎಲ್ಲವನ್ನೂ ಬಲ್ಲವನು, ಆದರೆ ಏನನ್ನೂ ಬದಲಾಯಿಸಲಾರದವನು. ಅಧಿಕಾರವೂ ವಿವೇಕವೂ ಒಂದೇ ಆಸನದಲ್ಲಿ ಕೂಡುವುದು ಅಪರೂಪ ಎಂಬ ಮಾತನ್ನು ಉಪದೇಶವಿಲ್ಲದೆ ಹೇಳಿದ್ದೇ ಈ ಧಾರಾವಾಹಿಯ ಹೆಚ್ಚುಗಾರಿಕೆ.

ಸೋತವನ ಇತಿಹಾಸ

ಮೊದಲ ಸರಣಿಯನ್ನು ರಿಚರ್ಡ್ ಕರ್ಟಿಸ್ ಮತ್ತು ರೋವನ್ ಅಟ್ಕಿನ್‌ಸನ್ ಕೂಡಿ ಬರೆದರು. ನಿರ್ಮಾಪಕರು ಜಾನ್ ಲಾಯ್ಡ್, ಸಂಗೀತ ಹೊವರ್ಡ್ ಗುಡಾಲ್. 1983ರ ಜೂನ್ 15ರಂದು ಪ್ರಸಾರ ಆರಂಭವಾಯಿತು. ಕಥೆಯ ತಳಹದಿ ಒಂದು ಚಮತ್ಕಾರದ ಊಹೆ. ನಿಜವಾದ ಇತಿಹಾಸದಲ್ಲಿ 1485ರ ಆಗಸ್ಟ್ 22ರಂದು ಬಾಸ್‌ವರ್ತ್ ರಣಾಂಗಣದಲ್ಲಿ ಮೂರನೆಯ ರಿಚರ್ಡ್ ದೊರೆ ಮಡಿದ. ಗೆದ್ದ ಹೆನ್ರಿ ಟ್ಯೂಡರ್ ಏಳನೆಯ ಹೆನ್ರಿಯಾಗಿ ಪಟ್ಟವೇರಿದ. ಧಾರಾವಾಹಿಯಲ್ಲಾದರೋ ಯುದ್ಧ ಗೆದ್ದವನು ರಿಚರ್ಡ್. ಆದರೆ ಹಿಂದಿರುಗುವಾಗ ಆತ ಕುದುರೆಯೊಂದನ್ನು ಹತ್ತಲು ಹೋದಾಗ, ಕುದುರೆಗಳ್ಳನೆಂದು ಭ್ರಮಿಸಿ ಎಡ್ಮಂಡ್ ಅವನ ತಲೆಯನ್ನೇ ಹಾರಿಸುತ್ತಾನೆ. ಅನಂತರ ಎಡ್ಮಂಡನ ತಂದೆ ನಾಲ್ಕನೆಯ ರಿಚರ್ಡ್ ಎಂಬ ಹೆಸರಿನಲ್ಲಿ 1498ರವರೆಗೆ ಆಳುತ್ತಾನೆ; ಬಳಿಕ ಪಟ್ಟಕ್ಕೆ ಬಂದ ಟ್ಯೂಡರ್ ಈ ಆಳ್ವಿಕೆಯನ್ನೇ ಚರಿತ್ರೆಯಿಂದ ಅಳಿಸಿಹಾಕಿದ ಎಂಬುದು ಕಥೆ.

ಇದು ಬರಿಯ ತಮಾಷೆಯಲ್ಲ. ಮೂರನೆಯ ರಿಚರ್ಡನನ್ನು ಕ್ರೂರಿಯನ್ನಾಗಿ ಚಿತ್ರಿಸಿದ ಷೇಕ್ಸ್‌ಪಿಯರ್ ಬರೆದದ್ದು ಆ ಟ್ಯೂಡರ್ ವಂಶದ ರಾಣಿಯ ಕಾಲದಲ್ಲಿ. ಗೆದ್ದವರು ಬರೆಸಿದ್ದನ್ನು ಎಷ್ಟು ನಂಬಬೇಕು ಎಂಬುದು ಅಲ್ಲಿನ ವಿದ್ವಾಂಸರ ನಡುವೆ ಇಂದಿಗೂ ಚರ್ಚೆಯಲ್ಲಿರುವ ಪ್ರಶ್ನೆ. 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲ್ದಾಣವೊಂದರ ನೆಲದಡಿ ರಿಚರ್ಡನ ಅಸ್ಥಿಪಂಜರ ದೊರೆತು, 2015ರಲ್ಲಿ ಮರ್ಯಾದೆಯಿಂದ ಮರುಸಂಸ್ಕಾರ ನಡೆದಾಗ ಆ ಚರ್ಚೆಗೆ ಹೊಸ ಜೀವ ಬಂತು. ಸರಣಿಯ ಹೆಸರುಪಟ್ಟಿಯಲ್ಲಿ ಹೆಚ್ಚುವರಿ ಸಂಭಾಷಣೆಗಾಗಿ ಷೇಕ್ಸ್‌ಪಿಯರನಿಗೂ ಮನ್ನಣೆ ಕೊಟ್ಟಿರುವುದನ್ನು ನೋಡಿದಾಗ ನಗು ಬಾರದಿರದು.

ಆಸ್ಥಾನ ಮತ್ತು ಧರ್ಮಪೀಠದ ಜಗಳ ಈ ಸರಣಿಯ ಮೂರನೆಯ ಕಂತಿನ ವಸ್ತು. ಸಾಯುವ ಶ್ರೀಮಂತರು ಸ್ವರ್ಗದ ಆಸೆಗೆ ಜಮೀನನ್ನು ಚರ್ಚಿಗೆ ಬರೆದುಕೊಡುತ್ತಾರೆ. ಅರಸನಿಗೆ ಅದು ಬೇಕು. ಅಡ್ಡಬಂದ ಆರ್ಚ್‌ಬಿಷಪ್ಪರು ಒಬ್ಬರಾದ ಮೇಲೊಬ್ಬರು ಕೊಲೆಯಾಗುತ್ತಾರೆ. ಕೊನೆಗೆ ಆ ಪೀಠ ಎಡ್ಮಂಡನ ಕೊರಳಿಗೇ ಬೀಳುತ್ತದೆ. 1170ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ದೊರೆಯ ಸರದಾರರ ಕೈಯಲ್ಲಿ ಹತನಾದ ಸಂಗತಿಯನ್ನು ಬಲ್ಲವರಿಗೆ ಈ ಕಂತಿನ ಸ್ವಾರಸ್ಯ ಇಮ್ಮಡಿಯಾಗುತ್ತದೆ.

ರಾಣಿಯ ಮರ್ಜಿ

ನಾರ್ತಂಬರ್‌ಲೆಂಡಿನ ಆನಿಕ್ ಕೋಟೆಯಂತಹ ಕಡೆ ಚಿತ್ರೀಕರಣ ನಡೆಸಿದ್ದರಿಂದ ಮೊದಲ ಸರಣಿಗೆ ದುಬಾರಿ ವೆಚ್ಚವಾಗಿತ್ತು. ಮುಂದುವರಿಸಲು ಬಿ.ಬಿ.ಸಿ.ಯ ಅಧಿಕಾರಿಗಳು ಹಿಂಜರಿದರು. ಖರ್ಚನ್ನು ಕಡಿಮೆ ಮಾಡಿ, ಬಹುಪಾಲು ಸ್ಟುಡಿಯೋ ಒಳಗೇ ಪ್ರೇಕ್ಷಕರ ಎದುರು ಚಿತ್ರೀಕರಿಸಿ ಎರಡನೆಯ ಸರಣಿಯನ್ನು ತಯಾರಿಸಲಾಯಿತು. ಲೇಖಕರಾಗಿ ಕರ್ಟಿಸ್ ಅವರ ಜೊತೆಗೆ ಬೆನ್ ಎಲ್ಟನ್ ಬಂದರು. ಕೋಟೆ, ಕುದುರೆಗಳು ಹೋದುವು, ಮಾತು ಬೆಳೆಯಿತು. ಕೈಬಿಗಿತ ಕೃತಿಗೆ ಒಳ್ಳೆಯದನ್ನೇ ಮಾಡಿತು. ಮೊದಲ ಸರಣಿಯಲ್ಲಿ ಸೇವಕ ಜಾಣ, ಒಡೆಯ ದಡ್ಡ. ಇಲ್ಲಿಂದ ಮುಂದೆ ಅದು ತಿರುಗುಮುರುಗಾಯಿತು.

ಆಸ್ಥಾನದ ಒಳಸಂಚಿನ ಹಾಸ್ಯ ಅತಿ ಸೊಗಸಾಗಿ ಮೂಡಿರುವುದು ಈ ಎರಡನೆಯ ಸರಣಿಯಲ್ಲಿ ಎಂಬುದು ನಮ್ಮ ಅಭಿಪ್ರಾಯ. ಮಿರಾಂಡಾ ರಿಚರ್ಡ್‌ಸನ್ ಅಭಿನಯಿಸಿದ ಎಲಿಜಬೆತ್ ರಾಣಿ ಮುದ್ದಿನಲ್ಲಿ ಬೆಳೆದ ಹಟಮಾರಿ ಹುಡುಗಿಯಂತೆ. ಬೇಸರವಾದರೆ ಯಾರದಾದರೂ ತಲೆ ತೆಗೆಸುವುದು ಅವಳಿಗೆ ಆಟ. ಅವಳ ಬಲಗಡೆ ಮೆಲ್ಚೆಟ್ ಪ್ರಭು (ಸ್ಟೀಫನ್ ಫ್ರೈ), ಎಡಗಡೆ ಮರುಳು ದಾದಿ (ಪ್ಯಾಟ್ಸಿ ಬರ್ನ್). ಬ್ಲ್ಯಾಕ್‌ಆ್ಯಡರನೂ ಮೆಲ್ಚೆಟನೂ ರಾಣಿಯ ಕೃಪೆಗಾಗಿ ಒಬ್ಬರ ಕಾಲನ್ನೊಬ್ಬರು ಎಳೆಯುತ್ತಲೇ ಇರುತ್ತಾರೆ. ದೊಡ್ಡ ಕಚೇರಿಗಳಲ್ಲಿ ದುಡಿದವರಿಗೆ ಈ ದೃಶ್ಯಗಳು ಅಪರಿಚಿತವೆನಿಸವು.

‘ಹೆಡ್’ ಎಂಬ ಕಂತಿನಲ್ಲಿ ನಾಯಕನಿಗೆ ಮರಣದಂಡನೆಯ ಮೇಲ್ವಿಚಾರಣೆ ಸಿಗುತ್ತದೆ. ತನಗೆ ಅರ್ಧ ವಾರ ರಜೆ ಸಿಗಲೆಂದು ಆತ ಬುಧವಾರದ ಶಿರಚ್ಛೇದವನ್ನು ಸೋಮವಾರಕ್ಕೆ ಹಾಕಿಬಿಡುತ್ತಾನೆ. ಅಷ್ಟರಲ್ಲಿ ಸತ್ತವನ ಹೆಂಡತಿ ಗಂಡನನ್ನು ನೋಡಲು ಬರುತ್ತಾಳೆ! ಕೆಲಸ ಹಗುರ ಮಾಡಿಕೊಳ್ಳಲು ವೇಳಾಪಟ್ಟಿ ತಿದ್ದುವ ಅಧಿಕಾರಿಯ ಮನಸ್ಸು ಎಂಥದೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾಗದು. ‘ಮನಿ’ ಎಂಬ ಕಂತಿನಲ್ಲಿ ಬಾತ್ ಮತ್ತು ವೆಲ್ಸ್‌ನ ಬಿಷಪ್ಪರು 1,000 ಪೌಂಡುಗಳ ಸಾಲ ವಸೂಲಿಗೆ ಬರುತ್ತಾರೆ. ಸಾಲ ಕೊಟ್ಟದ್ದು ಕರಿಯುಡುಪಿನ ಸನ್ಯಾಸಿಗಳ ಬ್ಯಾಂಕು. ವಾಯಿದೆ ಮೀರಿದರೆ ಕಾದ ಕಬ್ಬಿಣದ ಸಲಾಕೆ. ಬ್ಯಾಂಕಿನ ಕಾಗದಪತ್ರಗಳ ನಡುವೆ ಆಯುಷ್ಯ ಸವೆಸಿದ ನಮ್ಮಂಥವರು ವಸೂಲಿ ನೋಟೀಸುಗಳಲ್ಲಿ ಕಂಡಿರದ ವಿಧಾನವಿದು.

ಈ ರಾಣಿ ಹಾಸ್ಯಪಾತ್ರವಾದರೂ ನಿಜವಾದ ಎಲಿಜಬೆತ್ ನಮ್ಮ ಇತಿಹಾಸಕ್ಕೂ ಸಂಬಂಧಪಟ್ಟವಳೇ. ತಾಳಿಕೋಟೆಯ ಯುದ್ಧದಿಂದ ವಿಜಯನಗರ ಕುಸಿದ 1565ರಲ್ಲಿ ಇಂಗ್ಲೆಂಡಿನಲ್ಲಿ ಆಳುತ್ತಿದ್ದವಳು ಅವಳು. 1600ರ ಡಿಸೆಂಬರ್ 31ರಂದು ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟವಳೂ ಅವಳೇ. ಒಂದು ಆಸ್ಥಾನದಲ್ಲಿ ಬಿದ್ದ ಅಂಕಿತ ಎಷ್ಟು ದೂರದ ಜನರ ಬಾಳನ್ನು ತಟ್ಟಬಲ್ಲದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಬಟ್ಲರನ ಕಣ್ಣಿನಲ್ಲಿ ಯುವರಾಜ

ಮೂರನೆಯ ಸರಣಿಯಲ್ಲಿ ಹ್ಯೂ ಲಾರಿ ದಡ್ಡ ಯುವರಾಜ ಜಾರ್ಜ್. ತಂದೆ ಮೂರನೆಯ ಜಾರ್ಜ್ ಬುದ್ಧಿವಿಕಲನಾದುದರಿಂದ 1811ರಿಂದ 1820ರವರೆಗೆ ಈತ ರಾಜಪ್ರತಿನಿಧಿಯಾಗಿದ್ದುದು ನಿಜಸಂಗತಿ. ಇಲ್ಲಿ ಅರಮನೆಯನ್ನು ನಡೆಸುವವನು ಬಟ್ಲರ್ ಬ್ಲ್ಯಾಕ್‌ಆ್ಯಡರ್.

ಒಂದು ಕಂತಿನಲ್ಲಿ ಡಾಕ್ಟರ್ ಜಾನ್ಸನ್ (ರಾಬಿ ಕೋಲ್ಟ್ರೇನ್) ತಮ್ಮ ಮಹಾ ನಿಘಂಟಿನ ಒಂದೇ ಒಂದು ಹಸ್ತಪ್ರತಿಯೊಂದಿಗೆ ಬರುತ್ತಾರೆ. ಬಾಲ್ಡ್ರಿಕ್ ಅದನ್ನು ಒಲೆಗೆ ಹಾಕಿದನೆಂದು ತಿಳಿದು ಬ್ಲ್ಯಾಕ್‌ಆ್ಯಡರ್ ಇಡೀ ನಿಘಂಟನ್ನು ಮತ್ತೆ ಬರೆಯಲು ಕೂರುತ್ತಾನೆ. ಕಾಲಗಣನೆ ಇಲ್ಲಿ ಬೇಕೆಂದೇ ತಪ್ಪಿದೆ. ಜಾನ್ಸನ್ ನಿಘಂಟು ಪ್ರಕಟವಾದದ್ದು 1755ರಲ್ಲಿ, ಅವರು ತೀರಿಕೊಂಡದ್ದು 1784ರಲ್ಲಿ. ಕಪಾಟಿನಲ್ಲಿ ಕಿಟ್ಟೆಲ್ ನಿಘಂಟನ್ನು ಜೋಪಾನವಾಗಿಟ್ಟುಕೊಂಡವರಿಗೆ ಈ ಕಂತು ನಗೆಯ ಜೊತೆಗೆ ಎದೆಬಡಿತವನ್ನೂ ತರುತ್ತದೆ.

ಇನ್ನೊಂದು ಕಂತು ಪಾರ್ಲಿಮೆಂಟ್ ಚುನಾವಣೆಯದು. ಒಬ್ಬನೇ ಮತದಾರನಿರುವ ಕ್ಷೇತ್ರದಲ್ಲಿ ಬಾಲ್ಡ್ರಿಕ್ 16,472 ಮತಗಳಿಂದ ಗೆಲ್ಲುತ್ತಾನೆ. ಆ ಏಕೈಕ ಮತದಾರನೂ ಬ್ಲ್ಯಾಕ್‌ಆ್ಯಡರನೇ, ಚುನಾವಣಾಧಿಕಾರಿಯೂ ಅವನೇ. ಇದನ್ನು ಉತ್ಪ್ರೇಕ್ಷೆ ಎನ್ನಬಹುದು, ಆದರೆ ಪೂರಾ ಕಟ್ಟುಕಥೆಯಲ್ಲ. ಓಲ್ಡ್ ಸೇರಮ್ ಎಂಬ ಹಾಳುದಿಬ್ಬಕ್ಕೆ ಬೆರಳೆಣಿಕೆಯ ಮತದಾರರಿದ್ದರೂ ಇಬ್ಬರು ಸದಸ್ಯರನ್ನು ಕಳುಹಿಸುವ ಹಕ್ಕಿತ್ತು. 1832ರ ಸುಧಾರಣಾ ಕಾಯ್ದೆ ಬಂದ ಮೇಲಷ್ಟೇ ಅದು ತಪ್ಪಿತು.

ನಗೆ ನಿಂತ ಕಂದಕ

ನಾಲ್ಕನೆಯ ಸರಣಿಯಲ್ಲಿ ಅರಮನೆ ಇಲ್ಲ, ಆದರೆ ಆಸ್ಥಾನವಿದೆ. ಮುಂಚೂಣಿಯಿಂದ ಬಹುದೂರದ ಬಂಗಲೆಯಲ್ಲಿ ಕುಳಿತ ಜನರಲ್ ಮೆಲ್ಚೆಟ್, ಆತನ ಬಾಲಬಡುಕ ಕ್ಯಾಪ್ಟನ್ ಡಾರ್ಲಿಂಗ್ (ಟಿಮ್ ಮ್ಯಾಕಿನರ್ನಿ), ಇಬ್ಬರೂ ಹಿಂದಿನ ಓಲಗದವರೇ. ಎಲಿಜಬೆತ್ ರಾಣಿಯ ಮರ್ಜಿಯಲ್ಲಿ ಒಂದೆರಡು ತಲೆಗಳು ಉರುಳುತ್ತಿದ್ದುವು. ಜನರಲ್ಲನ ಮರ್ಜಿಯಲ್ಲಿ ಸಾವಿರಗಟ್ಟಲೆ. 1916ರ ಜುಲೈ 1ರಂದು, ಸೋಮ್ ಕದನದ ಮೊದಲ ದಿನವೊಂದರಲ್ಲೇ 19,240 ಬ್ರಿಟಿಷ್ ಸೈನಿಕರು ಸತ್ತದ್ದನ್ನು ನೆನೆದರೆ ಈ ಹಾಸ್ಯದ ಕೆಳಗಿರುವ ನೋವು ಅರಿವಾಗುತ್ತದೆ.

ಕಂದಕದಿಂದ ಪಾರಾಗಲು ನಾಯಕ ಹೂಡುವ ಎಲ್ಲ ಉಪಾಯಗಳೂ ಕೈಕೊಡುತ್ತವೆ. 1989ರ ನವೆಂಬರ್ 2ರಂದು ಪ್ರಸಾರವಾದ ಕೊನೆಯ ಕಂತಿನಲ್ಲಿ, ಸದಾ ತನ್ನ ಬಳಿ ಒಂದು ಜಾಣ ಯೋಜನೆ ಇದೆ ಎನ್ನುವ ಬಾಲ್ಡ್ರಿಕ್‌ನ ಯೋಜನೆಯನ್ನು ಕೇಳಲೂ ಹೊತ್ತಿರುವುದಿಲ್ಲ. ಎಲ್ಲರೂ ಕಂದಕ ಹತ್ತಿ ಗುಂಡಿನ ಮಳೆಗೆ ಓಡುತ್ತಾರೆ. ಚಿತ್ರ ನಿಧಾನವಾಗಿ, ಸದ್ದಡಗಿ, ಕೆಂಪು ಗಸಗಸೆ ಹೂಗಳ ಬಯಲಾಗಿ ಬದಲಾಗುತ್ತದೆ. ಹಾಸ್ಯ ಧಾರಾವಾಹಿಯೊಂದು ಹೀಗೆ ಮುಗಿದದ್ದನ್ನು ಆ ದೇಶ ಮರೆತಿಲ್ಲ. 2004ರಲ್ಲಿ ಬಿ.ಬಿ.ಸಿ. ನಡೆಸಿದ ಜನಮತದಲ್ಲಿ ಇದಕ್ಕೆ ಬ್ರಿಟನ್ನಿನ ಹಾಸ್ಯ ಧಾರಾವಾಹಿಗಳಲ್ಲಿ ಎರಡನೆಯ ಸ್ಥಾನ ಸಿಕ್ಕಿತು.

ಆ ಯುದ್ಧ ನಮ್ಮದೂ ಆಗಿತ್ತು. ಅದರಲ್ಲಿ 70,000ಕ್ಕೂ ಹೆಚ್ಚು ಭಾರತೀಯ ಯೋಧರು ಮಡಿದರು. 1918ರ ಸೆಪ್ಟೆಂಬರ್ 23ರ ಹೈಫಾ ಕದನದಲ್ಲಿ ಮೈಸೂರು ಸಂಸ್ಥಾನದ ಅಶ್ವದಳವೂ ಹೋರಾಡಿತು. ದಿಲ್ಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಮೈಸೂರಿನ ಯೋಧರ ನೆನಪೂ ಇದೆ ಎಂಬುದನ್ನು ದಿಲ್ಲಿ ಕನ್ನಡಿಗರು ಮಕ್ಕಳಿಗೆ ತೋರಿಸಬೇಕು.

ಇತಿಹಾಸಕ್ಕೆ ಅಪಚಾರವೇ?

2014ರ ಜನವರಿಯಲ್ಲಿ ಬ್ರಿಟನ್ನಿನ ಶಿಕ್ಷಣ ಸಚಿವರಾಗಿದ್ದ ಮೈಕೇಲ್ ಗೋವ್, ಇಂಥ ಕೃತಿಗಳು ಮಹಾಯುದ್ಧವನ್ನು ಅರಿವುಗೇಡಿ ಮೇಲ್ವರ್ಗದವರ ಎಡವಟ್ಟೆಂಬಂತೆ ಬಿಂಬಿಸುತ್ತವೆ ಎಂದು ಆಕ್ಷೇಪಿಸಿದರು. ಬಾಲ್ಡ್ರಿಕ್ ಪಾತ್ರಧಾರಿ ಟೋನಿ ರಾಬಿನ್‌ಸನ್ ಇದನ್ನು ಬಲವಾಗಿ ಖಂಡಿಸಿದರು. ಎರಡೂ ಕಡೆಯ ಮಾತಿಗೆ ತೂಕವಿದೆ. ಹಾಸ್ಯ ಧಾರಾವಾಹಿಯನ್ನೇ ಚರಿತ್ರೆಯೆಂದು ಓದಿದರೆ ತಪ್ಪಾದೀತು. ಆದರೆ ಅರಸರನ್ನೂ ಸೇನಾನಿಗಳನ್ನೂ ಪ್ರಶ್ನಿಸುವ ಗುಣ ಬರಿಯ ಇಸವಿಗಳ ಬಾಯಿಪಾಠದಿಂದ ಬಾರದು. ಮೊದಲು ನಗು, ಆಮೇಲೆ ಅನುಮಾನ, ಅನಂತರ ಪುಸ್ತಕ ಎಂಬ ಕ್ರಮದಲ್ಲಿ ಕಲಿತ ಮಗು ಇತಿಹಾಸವನ್ನು ಬೇಗ ಮರೆಯದು.

ನಮ್ಮ ಪರಂಪರೆಗೂ ಇದು ಹೊಸದಲ್ಲ. ಸಂಸ್ಕೃತ ನಾಟಕದ ವಿದೂಷಕ, ಯಕ್ಷಗಾನದ ಹಾಸ್ಯಗಾರ ಇಬ್ಬರೂ ಅರಸನ ಪಕ್ಕದಲ್ಲೇ ನಿಂತು ಮಾತಾಡುವವರು. ಟಿ.ಎಸ್. ನಾಗಾಭರಣ ಅವರು ದೂರದರ್ಶನಕ್ಕಾಗಿ ಹಿಂದಿಯಲ್ಲಿ ನಿರ್ದೇಶಿಸಿದ ‘ತೆನಾಲಿ ರಾಮ’ ಧಾರಾವಾಹಿಯಲ್ಲಿ ವಿಜಯ್ ಕಶ್ಯಪ್ ಅವರ ಅಭಿನಯವನ್ನು ನಮ್ಮ ಪೀಳಿಗೆಯವರು ಬಲ್ಲರು. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ತೆನಾಲಿ ರಾಮನ ಉಪಾಯದ ಕೊನೆಗೆ ಕೃಷ್ಣದೇವರಾಯ ಮೆಚ್ಚುತ್ತಾನೆ, ನ್ಯಾಯ ಉಳಿಯುತ್ತದೆ. ಬ್ಲ್ಯಾಕ್‌ಆ್ಯಡರನ ಲೋಕದಲ್ಲಿ ಮೆಚ್ಚುವ ಅರಸನೇ ಇಲ್ಲ. ಅರಸನಲ್ಲಿ ವಿವೇಕವಿದ್ದರೆ ಜಾಣನ ಮಾತು ರಾಜ್ಯಕ್ಕೆ ಉಪಯೋಗ. ಇಲ್ಲವಾದರೆ ಆ ಜಾಣತನವೆಲ್ಲ ಬದುಕಿ ಉಳಿಯುವುದರಲ್ಲೇ ಮುಗಿಯುತ್ತದೆ.

ನೋಡಬಯಸುವವರಿಗೆ ಒಂದು ಸೂಚನೆ. ಸಂಭಾಷಣೆಯಲ್ಲಿ ದ್ವಂದ್ವಾರ್ಥದ ಮಾತುಗಳು ಧಾರಾಳವಾಗಿವೆ. ಚಿಕ್ಕ ಮಕ್ಕಳಿಗೆ ತೋರಿಸುವ ಮೊದಲು ಹಿರಿಯರು ಒಮ್ಮೆ ನೋಡುವುದು ಲೇಸು. ಎರಡನೆಯ ಸರಣಿಯಿಂದ ಆರಂಭಿಸಿ, ಮೂರು ಮತ್ತು ನಾಲ್ಕನ್ನು ಕ್ರಮವಾಗಿ ಮುಗಿಸಿ, ಮೊದಲನೆಯದನ್ನು ಕೊನೆಗೆ ಇಟ್ಟುಕೊಳ್ಳಬಹುದು. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಕೊನೆಯ ಕಂತನ್ನು ಅವರೊಡನೆ ಕುಳಿತೇ ನೋಡಿರಿ.