ಪಬ್ಬಜ್ಜೆ: ಬನವಾಸಿ–ಬಳ್ಳಿಗಾವಿ ಸೀಮೆಯಲ್ಲಿ

ಪಬ್ಬಜ್ಜೆ (ಪ್ರವ್ರಜ್ಯೆ) ಬೌದ್ಧ ಸಂಘವನ್ನು ಸೇರುವ ಮೊದಲ ದೀಕ್ಷೆ. ಇದನ್ನು ಪಡೆದ ಹುಡುಗ ಸಾಮಣೇರ. 20 ತುಂಬಿದ ಮೇಲೆ ಉಪಸಂಪದೆ ಪಡೆದು ಭಿಕ್ಷುವಾಗುತ್ತಾನೆ. ಸಂಘದ ನಿಯಮಗಳ ಗ್ರಂಥವಾದ ವಿನಯಪಿಟಕದ ಪ್ರಕಾರ ಬುದ್ಧನ ಮಗ ರಾಹುಲನಿಗೆ ಈ ದೀಕ್ಷೆ ಕೊಟ್ಟವನು ಸಾರಿಪುತ್ತ. ಮೊಮ್ಮಗನೂ ಮನೆ ಬಿಟ್ಟ ಸಂಕಟವನ್ನು ಬುದ್ಧನ ತಂದೆ ಶುದ್ಧೋದನ ತೋಡಿಕೊಂಡ ಮೇಲೆ, ತಂದೆತಾಯಿಯ ಒಪ್ಪಿಗೆಯಿಲ್ಲದೆ ಮಕ್ಕಳಿಗೆ ದೀಕ್ಷೆ ಕೊಡಬಾರದೆಂದು ಬುದ್ಧ ವಿಧಿಸಿದ. 15 ತುಂಬದವರಿಗೆ ದೀಕ್ಷೆಯಿಲ್ಲ ಎಂಬ ನಿಯಮವೂ ಇತ್ತು. ಕಾಗೆ ಓಡಿಸುವಷ್ಟು ಬೆಳೆದಿದ್ದರೆ ಸಾಕೆಂಬ ವಿನಾಯಿತಿ ಆಮೇಲೆ ಸೇರಿತು. ಹುಡುಗನ ತಲೆ ಬೋಳಿಸಿ ಕಾಷಾಯ ಉಡಿಸುತ್ತಾರೆ. ಅವನು ಭಿಕ್ಷುಗಳ ಪಾದಕ್ಕೆರಗಿ, ಕುಕ್ಕರುಗಾಲಲ್ಲಿ ಕೂತು, ಕೈಮುಗಿದು ತ್ರಿಶರಣವನ್ನು (ಬುದ್ಧ, ಧರ್ಮ, ಸಂಘಗಳಿಗೆ ಶರಣು) ಮೂರು ಸಲ ಹೇಳುತ್ತಾನೆ. ದೀಕ್ಷೆಗೆ ಅಷ್ಟು ಸಾಕು. ಪಾಲಿಸಬೇಕಾದ ಶೀಲಗಳು ಹತ್ತು. ಥೇರವಾದಿಗಳಲ್ಲಿ ಕೂದಲು, ರೋಮ, ಉಗುರು, ಹಲ್ಲು, ಚರ್ಮ ಎಂಬ ಐದನ್ನು ಧ್ಯಾನಕ್ಕೆ ಹೇಳಿಕೊಡುವ ವಾಡಿಕೆಯೂ ಉಂಟು.

ಶಿವಮೊಗ್ಗ ಜಿಲ್ಲೆಯ ಬೌದ್ಧರ ಮಾತು ಬಂದಾಗ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯನ್ನು ಮೊದಲು ಹೆಸರಿಸುವುದು ರೂಢಿ. ಕಲ್ಯಾಣ ಚಾಲುಕ್ಯರ ದಂಡನಾಯಕ ರೂಪಭಟ್ಟಯ್ಯ ಅಲ್ಲಿ ವಿಹಾರ ಕಟ್ಟಿಸಿದ್ದನ್ನು 1065ರ ಶಾಸನ ಹೇಳುತ್ತದೆ. ಆದರೆ ದೀಕ್ಷೆಯ ಚರಿತ್ರೆಗೆ ಇದು ದುರ್ಬಲ ಸಾಕ್ಷಿ. ದತ್ತಿ ಹೋದದ್ದು ತಾರಾ ಭಗವತಿ, ಲೋಕೇಶ್ವರ ಮೊದಲಾದ ದೇವತೆಗಳ ಪೂಜೆಗೆ, ಯೋಗಿನಿಯರು, ಕುಶಲಿಗಳು, ಸನ್ಯಾಸಿಗಳ ಊಟಕ್ಕೆ. ಅವರು ವಿನಯದಂತೆ ದೀಕ್ಷೆ ಪಡೆದವರೇ ಎಂಬುದು ಅದರಿಂದ ತಿಳಿಯದು. ಗಟ್ಟಿ ಆಧಾರವನ್ನು ಹಿಂದಿನ ಶತಮಾನಗಳಲ್ಲೇ ಹುಡುಕಬೇಕು. ಅಶೋಕನ ಕಾಲದ ಸಂಗೀತಿಯ (ಭಿಕ್ಷುಗಳ ಮಹಾಸಭೆಯ) ನಂತರ ರಕ್ಖಿತನೆಂಬ ಥೇರ (ಹಿರಿಯ ಭಿಕ್ಷು) ವನವಾಸಕ್ಕೆ ಬಂದು 37,000 ಜನರಿಗೆ ಪಬ್ಬಜ್ಜೆ ಕೊಟ್ಟನೆಂದು ಸಿಂಹಳದ ಮಹಾವಂಸ ಹೇಳುತ್ತದೆ. ವನವಾಸವೆಂದರೆ ಬನವಾಸಿ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಇಂದಿನ ಶಿವಮೊಗ್ಗ ಜಿಲ್ಲೆಯ ಬಹುಭಾಗ ಮುಂದೆ ಬನವಾಸಿ ನಾಡಿಗೇ ಸೇರಿತ್ತು.

ಆ ಗ್ರಂಥ ಅಶೋಕನಿಗಿಂತ ಸುಮಾರು ಏಳು ಶತಮಾನ ಈಚಿನದು, ಅದರ ಸಂಖ್ಯೆಗಳು ಉತ್ಪ್ರೇಕ್ಷೆ ಎಂಬ ಆಕ್ಷೇಪ ಸರಿಯೇ; 37,000ವನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಆದರೆ ಕಥೆಯ ತಿರುಳಿಗೆ ಅದಕ್ಕಿಂತ ಹಳೆಯ ಬೆಂಬಲವಿದೆ. ನಾಗಾರ್ಜುನಕೊಂಡದ 3ನೇ ಶತಮಾನದ ಶಾಸನವೊಂದು, ಥೇರರು ಧರ್ಮಕ್ಕೆ ಒಲಿಸಿದ ನಾಡುಗಳಲ್ಲಿ ವನವಾಸಿಯನ್ನೂ ಎಣಿಸುತ್ತದೆ. ವನವಾಸದ ಮಹಾರಾಜನ ರಾಣಿ ಕೊಡಬಲಿಸಿರಿ ನಾಗಾರ್ಜುನಕೊಂಡದಲ್ಲಿಯೇ ಮಹೀಶಾಸಕ ಪಂಥದ ಆಚಾರ್ಯರಿಗಾಗಿ ವಿಹಾರ ಕಟ್ಟಿಸಿದಳು. ಕಟ್ಟಿಸಿದ್ದು ಬನವಾಸಿಯಲ್ಲಲ್ಲವಲ್ಲ ಎನ್ನಬಹುದು. ನಿಜ, ಆದರೂ ಬನವಾಸಿಯ ಅರಮನೆಗೂ ಸಂಘಕ್ಕೂ ನಂಟಿದ್ದದ್ದು ಇದರಿಂದ ಖಚಿತ. ದೀಕ್ಷೆಯೇ ಶಾಸನದಲ್ಲಿ ಕಾಣದಿರುವುದು ಸಹಜ: ಅದಕ್ಕೆ ಭೂಮಿ ಬೇಡ, ದತ್ತಿ ಬೇಡ, ಕಲ್ಲಿನಲ್ಲಿ ಬರೆಸುತ್ತಿದ್ದುದು ದಾನವನ್ನು.

ಇಂದು ಕರ್ನಾಟಕದಲ್ಲಿ ಸಾಮಣೇರರನ್ನು ಕಾಣಬೇಕಾದರೆ ಮುಖ್ಯವಾಗಿ 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಸ್ಥಾಪಿಸಿದ ಬೆಂಗಳೂರಿನ ಮಹಾಬೋಧಿ ಸೊಸೈಟಿಗೆ, ಇಲ್ಲವೇ ಬೈಲಕುಪ್ಪೆ, ಮುಂಡಗೋಡುಗಳ ಟಿಬೆಟನ್ ವಿಹಾರಗಳಿಗೆ ಹೋಗಬೇಕು.