ಕೆನಾಲ್ ಸ್ಟ್ರೀಟ್‌ನಲ್ಲಿ ಕೆನಾಲ್ ಎಲ್ಲಿ?

ಪ್ರಾಜೆಕ್ಟ್ ಅಂತ ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಹೋದವರು ಒಂದಲ್ಲ ಒಂದು ಶನಿವಾರ ಮ್ಯಾನ್‌ಹಟನ್ನಿನ ಕೆನಾಲ್ ಸ್ಟ್ರೀಟ್‌ಗೆ ಹೋಗಿಯೇ ಇರ್ತಾರೆ. ಡೂಪ್ಲಿಕೇಟ್ ವಾಚು, ಡೂಪ್ಲಿಕೇಟ್ ಬ್ಯಾಗು, ಚೌಕಾಸಿ, ಆಮೇಲೆ ಪಕ್ಕದ ಚೈನಾಟೌನಿನಲ್ಲಿ ನೂಡಲ್ಸ್. ಆದರೆ ಇಲ್ಲಿ ಕೆನಾಲ್ ಎಲ್ಲಿದೆ ಅಂತ ಯಾರೂ ಕೇಳಲ್ಲ. ನಾವೂ ಏನು ಕಮ್ಮಿ ಇಲ್ಲ ಬಿಡಿ. ಮೆಜೆಸ್ಟಿಕ್ ಹತ್ತಿರ ಟ್ಯಾಂಕ್ ಬಂಡ್ ರೋಡ್ ಅಂತ ಇದೆ. ಅಲ್ಲಿ ಟ್ಯಾಂಕೂ ಇಲ್ಲ, ಬಂಡೂ ಇಲ್ಲ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಈಗ ಬಸ್ಸುಗಳು ನಿಂತಿವೆ.

ಕೆನಾಲ್ ಸ್ಟ್ರೀಟ್‌ನ ಕಥೆಯೂ ಒಂದು ಕೆರೆಯಿಂದಲೇ ಶುರುವಾಗುತ್ತೆ. ಹೆಸರು ಕಲೆಕ್ಟ್ ಪಾಂಡ್. ಸುಮಾರು 48 ಎಕರೆ, ಕೆಲವು ಕಡೆ 60 ಅಡಿ ಆಳ. ಊರಿಗೆಲ್ಲ ಕುಡಿಯುವ ನೀರು ಕೊಡುತ್ತಿದ್ದ ಕೆರೆ. ಆಮೇಲೆ ದಡದಲ್ಲಿ ಚರ್ಮ ಹದ ಮಾಡುವವರು ಬಂದರು, ಕಸಾಯಿಖಾನೆಗಳು ಬಂದವು, ಕೆರೆ ನಾರತೊಡಗಿತು. ನಾರುವ ಕೆರೆಗೆ ಆಡಳಿತ ಕಂಡುಕೊಳ್ಳುವ ಪರಿಹಾರ ನಮಗೆ ಗೊತ್ತಿರೋದೇ. ಪಕ್ಕದ ಗುಡ್ಡ ಕಡಿದು, ಮಣ್ಣು ತಂದು, 1811ರ ಹೊತ್ತಿಗೆಲ್ಲ ಮುಚ್ಚಿದರು. ನೀರನ್ನು ಹಡ್ಸನ್ ನದಿಗೆ ಹರಿಸಲು ತೋಡಿದ ಕಾಲುವೆಯೇ ಆ ಕೆನಾಲ್. ಕೆಲವೇ ವರ್ಷಗಳಲ್ಲಿ ಅದೂ ನಾರಿತು, ಅದನ್ನೂ ಮುಚ್ಚಿ ರಸ್ತೆ ಮಾಡಿದರು. ಕೆರೆಯ ಮೇಲೆ ಎದ್ದ ಮನೆಗಳು ವಾಲತೊಡಗಿದವು. ಅನುಕೂಲಸ್ಥರು ಜಾಗ ಖಾಲಿ ಮಾಡಿದರು, ಬಡವರು, ವಲಸಿಗರು ಬಂದರು. ಹತ್ತೊಂಬತ್ತನೇ ಶತಮಾನದ ಕುಖ್ಯಾತ ಸ್ಲಂ ಫೈವ್ ಪಾಯಿಂಟ್ಸ್ ಹುಟ್ಟಿದ್ದು ಹೀಗೆ. 1838ರಲ್ಲಿ ಅದೇ ಮಣ್ಣಿನ ಮೇಲೆ ಸರ್ಕಾರ ದೊಡ್ಡ ಜೈಲು ಕಟ್ಟಿತು. ಅದೂ ಕುಸಿಯತೊಡಗಿತು!

ಇನ್ನು ಸಮುದ್ರದ ಕಡೆ ಬನ್ನಿ. 1686ರಲ್ಲಿ ಗವರ್ನರ್ ಡಾಂಗನ್ ಕೊಟ್ಟ ಸನ್ನದಿನ ಬಲದ ಮೇಲೆ ನಗರ ಒಂದು ಅಪರೂಪದ ಸರಕು ಮಾರಿತು: ನೀರಿನ ಸೈಟು. ಭರತದ ಗೆರೆಗೂ ಇಳಿತದ ಗೆರೆಗೂ ನಡುವಿನ ಜಾಗವನ್ನು ವ್ಯಾಪಾರಿಗಳು ಕೊಂಡುಕೊಳ್ಳೋದು, ಕಸ, ಕಲ್ಲು, ಮಣ್ಣು ಸುರಿದು ನೆಲ ಮಾಡಿಕೊಳ್ಳೋದು. ಇವತ್ತಿನ ಪರ್ಲ್ ಸ್ಟ್ರೀಟ್ ಆಗ ದಡ. ಅದರಾಚೆಯ ವಾಟರ್ ಸ್ಟ್ರೀಟ್, ಫ್ರಂಟ್ ಸ್ಟ್ರೀಟ್, ಸೌತ್ ಸ್ಟ್ರೀಟ್ ಒಂದಾದ ಮೇಲೊಂದು ನೀರಿನಲ್ಲಿ ಎದ್ದ ಬೀದಿಗಳು. ಈ ಹೆಸರುಗಳನ್ನು ದಡದ ಕಡೆಯಿಂದ ಸಾಲಾಗಿ ಓದಿದರೆ ಸಾಕು, ಊರು ಸಮುದ್ರಕ್ಕೆ ಎಷ್ಟು ಹೆಜ್ಜೆ ಇಟ್ಟಿದೆ ಅಂತ ಲೆಕ್ಕ ಸಿಗುತ್ತೆ.

ಸಮುದ್ರ ಮೊದಲ ಸಲ ದೊಡ್ಡದಾಗಿ ತಿರುಗಿ ಬಂದದ್ದು 1821ರ ಸೆಪ್ಟೆಂಬರ್ 3ರಂದು. ಇಳಿತದ ಹೊತ್ತಿಗೇ ಚಂಡಮಾರುತ ಅಪ್ಪಳಿಸಿದರೂ ಒಂದೇ ಗಂಟೆಯಲ್ಲಿ ನೀರು 13 ಅಡಿ ಏರಿತು. ದ್ವೀಪದ ದಕ್ಷಿಣ ತುದಿಯಲ್ಲಿ ಹಡ್ಸನ್ನೂ ಈಸ್ಟ್ ರಿವರೂ ಒಂದಾದವು. ನೀರು ಎಲ್ಲಿವರೆಗೆ ಬಂತು ಗೊತ್ತಾ? ಕೆನಾಲ್ ಸ್ಟ್ರೀಟ್‌ವರೆಗೆ. ಅದನ್ನು ಮುಚ್ಚಿ ಆಗಿನ್ನೂ ಎರಡು ವರ್ಷವೂ ಸರಿಯಾಗಿ ಆಗಿರಲಿಲ್ಲ.

ಅಷ್ಟು ಎತ್ತರದ ನೀರನ್ನು ನಗರ ಮತ್ತೆ ಕಂಡದ್ದು 2012ರ ಅಕ್ಟೋಬರ್ 29ರ ರಾತ್ರಿ, ಸ್ಯಾಂಡಿ ಬಂದಾಗ. ಬ್ಯಾಟರಿ ತುದಿಯ ಮಾಪಕದಲ್ಲಿ ಸುಮಾರು 14 ಅಡಿ. ವಿದ್ಯುತ್ ಸಬ್‌ಸ್ಟೇಷನ್ ಸಿಡಿದು ಮ್ಯಾನ್‌ಹಟನ್ನಿನ ದಕ್ಷಿಣ ಭಾಗ ಕತ್ತಲಾಯಿತು, ಸಬ್‌ವೇ ಸುರಂಗಗಳು ತುಂಬಿದವು, ಷೇರುಪೇಟೆ ಎರಡು ದಿನ ಬಾಗಿಲು ಹಾಕಿತು. ನಗರದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ಟೇಟನ್ ಐಲೆಂಡಿನವರು. ಮ್ಯಾನ್‌ಹಟನ್ನಿನ ತುದಿಯಲ್ಲಿ ಆ ರಾತ್ರಿ ಮುಳುಗಿದ ಬೀದಿಗಳಿಗೆ ಬಣ್ಣ ಹಚ್ಚಿ ಹದಿನೇಳನೇ ಶತಮಾನದ ನಕ್ಷೆಯ ಪಕ್ಕ ಇಟ್ಟರೆ ಹಳೆಯ ದಡ ಹೆಚ್ಚುಕಮ್ಮಿ ಹಾಗೇ ಮೂಡುತ್ತೆ. ನೀರಿನ ಸೈಟುಗಳೆಲ್ಲ ಒಂದು ರಾತ್ರಿಯ ಮಟ್ಟಿಗೆ ಮೂಲ ಮಾಲೀಕನ ಕೈಗೆ ಹೋಗಿದ್ದವು.

ಆಮೇಲೆ ದುಡ್ಡು ಹರಿಯಿತು ನೋಡಿ. ಈಸ್ಟ್ ರಿವರ್ ದಡದ ಎರಡೂವರೆ ಮೈಲಿಗೂ ಕಮ್ಮಿ ಉದ್ದದ ಒಂದೇ ಯೋಜನೆಗೆ ಸುಮಾರು 145 ಕೋಟಿ ಡಾಲರ್. ತಡೆಗೋಡೆ, ಗೇಟು, ಎತ್ತರಿಸಿದ ಪಾರ್ಕು. ತಪ್ಪೇನಿಲ್ಲ, ಬೇಕಾದದ್ದೇ. ಆದರೆ ಇಡೀ ಊರು ಕುತ್ತಿಗೆ ತಿರುಗಿಸಿ ಸಮುದ್ರವನ್ನೇ ನೋಡುತ್ತಾ ನಿಂತಿತು. ಜನ ಮನೆ ಕೊಳ್ಳುವಾಗ, ವಿಮೆ ಮಾಡಿಸುವಾಗ ನೋಡುವ ಫೆಡರಲ್ ಸರ್ಕಾರದ ನಕ್ಷೆಯಲ್ಲೂ ಸಮುದ್ರ ಮತ್ತು ನದಿಯ ನೆರೆಗಷ್ಟೇ ಬಣ್ಣ. ಜೋರು ಮಳೆಗೆ ಎಲ್ಲೆಲ್ಲಿ ನೀರು ನಿಲ್ಲಬಹುದು ಎಂಬ ನಕ್ಷೆಯನ್ನು ನಗರ ಬಿಡುಗಡೆ ಮಾಡಿದ್ದು 2021ರ ಮೇ ತಿಂಗಳಲ್ಲಿ.

ನಾಲ್ಕು ತಿಂಗಳೂ ಆಗಿಲ್ಲ, ಸೆಪ್ಟೆಂಬರ್ 1 ಬಂತು. ಮೂರು ದಿನ ಮೊದಲು ಲೂಸಿಯಾನಾಗೆ ಬಡಿದಿದ್ದ ಐಡಾ ಚಂಡಮಾರುತದಲ್ಲಿ ಉಳಿದಿದ್ದ ಮಳೆ ಅಷ್ಟು ದೂರದಿಂದ ನೆಲದ ಮೇಲೇ ನಡೆದು ಬಂದಿತ್ತು. ರಾತ್ರಿ 8:51ರಿಂದ 9:51ರವರೆಗೆ, ಒಂದೇ ಗಂಟೆಯಲ್ಲಿ, ಸೆಂಟ್ರಲ್ ಪಾರ್ಕ್‌ನಲ್ಲಿ 3.15 ಇಂಚು ಸುರಿಯಿತು. ನಮ್ಮ ಲೆಕ್ಕದಲ್ಲಿ 80 ಮಿ.ಮೀ. ಹಿಂದಿನ ದಾಖಲೆ 1.94 ಇಂಚು, ಅದೂ ಬರೀ ಹನ್ನೊಂದು ದಿನದ ಹಿಂದಿನದು. ನಗರದ ಚರಂಡಿಗಳನ್ನು ಕಟ್ಟಿರೋದು ಗಂಟೆಗೆ ಸುಮಾರು 1.75 ಇಂಚಿಗೆ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಕಡೆ ಮಳೆನೀರಿಗೂ ಕಕ್ಕಸಿನ ನೀರಿಗೂ ಒಂದೇ ಪೈಪು. ಅದು ತುಂಬಿದರೆ ನೀರು ಬೀದಿಯಿಂದ ಮಾತ್ರ ಅಲ್ಲ, ಬಚ್ಚಲಿನಿಂದಲೂ ಮೇಲೆ ಬರುತ್ತೆ.

ಅದೇ ರಾತ್ರಿ ಕ್ವೀನ್ಸ್‌ನ ಫ್ಲಶಿಂಗ್ ಮೆಡೋಸ್‌ನಲ್ಲಿ ಯುಎಸ್ ಓಪನ್ ನಡೀತಿತ್ತು. ಛಾವಣಿ ಮುಚ್ಚಿದ್ದರೂ ಗಾಳಿಗೆ ಮಳೆ ಒಳನುಗ್ಗಿ ಪಂದ್ಯ ನಿಂತ ವಿಡಿಯೋ ಎಲ್ಲರ ಫೋನಿಗೂ ಬಂತು. ಆ ಜಾಗ ಒಂದು ಕಾಲದಲ್ಲಿ ಉಪ್ಪುನೀರಿನ ಜೌಗು, ಆಮೇಲೆ ಬೂದಿ ಸುರಿಯುವ ತಿಪ್ಪೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಯಾರೂ ವಿಡಿಯೋ ಮಾಡದ ಬೇಸ್‌ಮೆಂಟ್ ಮನೆಗಳಿದ್ದವು.

ಆ ರಾತ್ರಿ ನಗರದಲ್ಲಿ ಸತ್ತವರು 13 ಜನ. ಅದರಲ್ಲಿ 11 ಜನ ಬೇಸ್‌ಮೆಂಟಿನಲ್ಲಿ. ಬಹುಪಾಲು ಕ್ವೀನ್ಸ್‌ನವರು, ಅನೇಕರು ವಲಸೆ ಬಂದವರು, ಇದ್ದ ಮನೆಗಳಲ್ಲಿ ಹೆಚ್ಚಿನವು ಪರವಾನಗಿ ಇಲ್ಲದವು. ಬಾಡಿಗೆ ಕಮ್ಮಿ ಅಂತ ತಾನೇ ಅಲ್ಲಿರೋದು? ಸ್ಯಾಂಡಿ ಬರುವ ಮುಂಚೆ ದಡದ ಮೂರೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಮನೆ ಬಿಡಿ ಅಂತ ಆದೇಶ ಹೋಗಿತ್ತು. ಮಳೆಗೆ ಅಷ್ಟು ಪುರುಸೊತ್ತು ಇರಲಿಲ್ಲ. ನ್ಯೂಯಾರ್ಕ್ ನಗರಕ್ಕೆ ಮೊಟ್ಟಮೊದಲ ಬಾರಿಗೆ ಹಠಾತ್ ಪ್ರವಾಹದ ತುರ್ತು ಘೋಷಣೆ ಹೊರಟು, ಎಲ್ಲರ ಮೊಬೈಲೂ ಕಿರುಚಿದವು. ಇಂಗ್ಲಿಷ್‌ನಲ್ಲಿ, ಸ್ಪ್ಯಾನಿಷ್‌ನಲ್ಲಿ. ನೂರಾರು ಭಾಷೆ ಆಡುವ ಕ್ವೀನ್ಸ್‌ನಲ್ಲಿ ಮೂರನೆಯ ಭಾಷೆಯಲ್ಲಿ ಒಂದು ಸಾಲೂ ಇಲ್ಲ. ಬೇಸ್‌ಮೆಂಟಿನ ಮೆಟ್ಟಿಲು ತುಂಬಿದ ಮೇಲೆ ಹೊರಗಿನ ನೀರಿನ ಭಾರಕ್ಕೆ ಎದುರಾಗಿ ಬಾಗಿಲು ತಳ್ಳೋದು ಗಟ್ಟಿಮುಟ್ಟಾದವರಿಗೂ ಆಗದ ಕೆಲಸ.

ಪಕ್ಕದ ನ್ಯೂಜೆರ್ಸಿಯಲ್ಲಿ ಸತ್ತವರು ಸುಮಾರು 30, ಎಷ್ಟೋ ಜನ ರಸ್ತೆಯ ನೀರಿಗೆ ಕಾರು ಇಳಿಸಿ. ಮಾರನೇ ದಿನ ಎಡಿಸನ್ ಕಡೆಯ ನಮ್ಮವರ ವಾಟ್ಸಾಪ್‌ ಗುಂಪುಗಳಲ್ಲೂ ಅದೇ ಮಾತು. ಸರಿಯಾಗಿ ಒಂದು ವರ್ಷಕ್ಕೆ, 2022ರ ಸೆಪ್ಟೆಂಬರ್‌ನಲ್ಲಿ, ನಾವಿಲ್ಲಿ ಔಟರ್ ರಿಂಗ್ ರೋಡಿನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ತಲೆ ಮೇಲಿಟ್ಟು ಟ್ರ್ಯಾಕ್ಟರ್ ಹತ್ತಿದೆವು.

ಒಂದು ವಿಷಯ ಮಾತ್ರ ನನ್ನನ್ನು ಬಿಡ್ತಾ ಇಲ್ಲ. 1865ರಲ್ಲೇ ಎಗ್ಬರ್ಟ್ ವೀಲೆ ಎಂಬ ಎಂಜಿನಿಯರ್ ಮ್ಯಾನ್‌ಹಟನ್ನಿನ ಹೂತುಹೋದ ತೊರೆ, ಜೌಗು, ಕೆರೆಗಳನ್ನೆಲ್ಲ ಬಣ್ಣ ಹಚ್ಚಿ ತೋರಿಸುವ ನಕ್ಷೆ ಮಾಡಿದ್ದ. ಅವನ ಚಿಂತೆ ನೆರೆಯದ್ದಲ್ಲ, ಜ್ವರದ್ದು. ಹೂತ ನೀರಿನ ತೇವದಿಂದಲೇ ಕಾಯಿಲೆ ಬರುತ್ತೆ ಅಂತ ನಂಬಿದ್ದ ಕಾಲ ಅದು. ಕಾರಣ ತಪ್ಪು, ನಕ್ಷೆ ಸರಿ. ಮ್ಯಾನ್‌ಹಟನ್ನಿನಲ್ಲಿ ಗಗನಚುಂಬಿಗೆ ಪಾಯ ತೋಡುವ ಎಂಜಿನಿಯರುಗಳು ಇವತ್ತಿಗೂ ಅದನ್ನು ತೆಗೆದು ನೋಡ್ತಾರೆ, ಪಾಯದಲ್ಲಿ ನೀರು ಬಂದರೆ ಕೋಟಿಗಟ್ಟಲೆ ನಷ್ಟ ಅಂತ. ಕ್ವೀನ್ಸ್‌ನಲ್ಲಿ ಬೇಸ್‌ಮೆಂಟ್ ಬಾಡಿಗೆಗೆ ಹಿಡಿಯುವವನ ಮುಂದೆ ಇಂಥ ನಕ್ಷೆ ಯಾರು ಹರಡ್ತಾರೆ?

2023ರ ಸೆಪ್ಟೆಂಬರ್ 29ರಂದು ಮತ್ತೆ ಅಂಥದ್ದೇ ಮಳೆ. ಸೆಂಟ್ರಲ್ ಪಾರ್ಕ್ ಮೃಗಾಲಯದಲ್ಲಿ ಕೊಳ ತುಂಬಿ ಒಂದು ಸೀಲಯನ್ ಈಜುತ್ತಾ ಹೊರಗೆ ಬಂದು, ಸುತ್ತಾಡಿ, ತಾನೇ ವಾಪಸ್ ಹೋಯ್ತು. ಅದು ಎಲ್ಲ ಪತ್ರಿಕೆಯಲ್ಲೂ ಬಂತು. ಬೇಸ್‌ಮೆಂಟ್ ಮನೆಗಳಲ್ಲಿ ಆಗಲೂ ಸಾವಿರಾರು ಜನ ಇದ್ದರು, ಈಗಲೂ ಇದ್ದಾರೆ.