ಬೆಲ್ಟಿನ ಬಿಗಿ

ಮಳೆಗಾಲದ ಮುಂಜಾನೆ ಮೋಟಾರು ಕಾರನ್ನು ಚಾಲೂ ಮಾಡಿದೊಡನೆ ಅದರ ಮುಂಭಾಗದಿಂದ ಹೊರಟು ಬೀದಿಯವರನ್ನೆಲ್ಲ ಎಬ್ಬಿಸುವ ಕರ್ಕಶ ಧ್ವನಿಯನ್ನು ಕಾರಿನ ವ್ಯಾಧಿಯೆಂದು ನಾವು ಭಾವಿಸುವುದುಂಟಾದರೂ, ಆ ವ್ಯಾಧಿಯು ಕಾರಿಗಿಂತ ವಯಸ್ಸಿನಲ್ಲಿ ಬಹಳ ಹಿರಿದು. ಒಂದು ರಾಟೆಯ ಬಲವನ್ನು ಬೆಲ್ಟೆಂಬ ಪಟ್ಟಿಯ ಮೂಲಕ ಮತ್ತೊಂದಕ್ಕೆ ದಾಟಿಸಲು ಮನುಷ್ಯನು ತೊಡಗಿದಂದಿನಿಂದಲೂ, ಆ ಪಟ್ಟಿಯ ಬಿಗಿಯನ್ನು ಕಾಯತಕ್ಕವರು ಯಾರೆಂಬ ಪ್ರಶ್ನೆಯು ಅದರ ಬೆನ್ನಿಗೇ ನಡೆದುಬಂದಿದೆ.

ಅಮೆರಿಕದ ಲೋವೆಲ್ ನಗರದ ಆಪಲ್‌ಟನ್ ಹತ್ತಿಗಿರಣಿಯಲ್ಲಿ ಪಾಲ್ ಮೂಡಿ ಎಂಬ ಯಂತ್ರಜ್ಞನು ೧೮೨೮ರಲ್ಲಿ, ಆಂಗ್ಲ ಗಿರಣಿಗಳ ರೂಢಿಯಾಗಿದ್ದ ಹಲ್ಲುಗಾಲಿಗಳನ್ನು ಬಿಟ್ಟು, ಚರ್ಮದ ಅಗಲವಾದ ಪಟ್ಟಿಗಳಿಂದ ಯಂತ್ರಗಳನ್ನು ನಡೆಸಿದನು. ಹಲ್ಲುಗಾಲಿಗಳ ಗದ್ದಲವು ತಗ್ಗಿತು. ಹೊರೆ ಮಿತಿಮೀರಿದರೆ ಹಲ್ಲು ಮುರಿಯುವುದಕ್ಕೆ ಬದಲಾಗಿ ಪಟ್ಟಿಯು ಜಾರಿ ಯಂತ್ರವನ್ನು ಉಳಿಸಿತು. ಆದರೆ ಚರ್ಮವೆಂಬುದು ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುವ ವಸ್ತುವಾದುದರಿಂದ, ಸಡಿಲಗೊಂಡ ಪಟ್ಟಿಯು ಜಾರಿ ಕಿರುಚುವುದು, ಕೆಲಸದಾಳು ಅದರ ಮೇಲೆ ರಾಳವನ್ನು ಉಜ್ಜಿ ಸುಮ್ಮನಾಗಿಸುವುದು, ಅದು ಮರಳಿ ಕಿರುಚುವುದು ಗಿರಣಿಗಳ ನಿತ್ಯವಿಧಿಯಾಯಿತು. ಫಿಲಡೆಲ್ಫಿಯದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಪರ್ಯಂತ ಪಟ್ಟಿಗಳ ಲೆಕ್ಕವಿಟ್ಟ ಫ್ರೆಡರಿಕ್ ಟೇಲರನು ೧೮೯೩ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರವು ಈ ನಿತ್ಯವಿಧಿಗೆ ನೀಡಿದ ಉತ್ತರವೇ ಆಗಿದೆ: ಪಟ್ಟಿಯು ಜಾರುವವರೆಗೆ ಕಾಯಲಾಗದು, ನಿಯತ ಅವಧಿಗೊಮ್ಮೆ ಸ್ಪ್ರಿಂಗ್ ತಕ್ಕಡಿಯುಳ್ಳ ಹಿಡಿಕೆಗಳಿಂದ ಅಳೆದೇ ಬಿಗಿಮಾಡಬೇಕು, ಆ ಕಾರ್ಯವನ್ನು ಅದಕ್ಕೆಂದೇ ನೇಮಿಸಿದ ಆಳಿಗೆ ಒಪ್ಪಿಸಬೇಕು. ಗಡಿಯಾರ ಹಿಡಿದು ಕಾರ್ಮಿಕರ ಬೆನ್ನುಹತ್ತಿದವನೆಂದೇ ಲೋಕವು ಟೇಲರನನ್ನು ನೆನೆಯುತ್ತದೆ. ಪಟ್ಟಿಯ ವಿಷಯದಲ್ಲಾದರೂ ಅವನ ಹಟವು ನ್ಯಾಯವಾದುದೆಂದು ನನಗೆ ತೋರುತ್ತದೆ.

ಇನ್ನು ಕಾರಿನ ಮಾತಿಗೆ ಬಂದರೆ, ೧೯೦೮ರಲ್ಲಿ ಹೊರಬಂದ ಫೋರ್ಡ್ ಕಂಪನಿಯ ಟಿ ಮಾದರಿಯ ಕಾರಿನಲ್ಲಿ, ಮೊದಮೊದಲು ತಯಾರಾದವುಗಳನ್ನು ಬಿಟ್ಟರೆ, ನೀರು ಕಾಯ್ದು ತಾನಾಗಿಯೇ ಮೇಲೇರಿ ಸುತ್ತುತ್ತಿದ್ದುದರಿಂದ, ಚಪ್ಪಟೆ ಪಟ್ಟಿಯು ಬೀಸಣಿಗೆಯೊಂದನ್ನು ತಿರುಗಿಸಿದರೆ ಸಾಕಾಗುತ್ತಿದ್ದಿತು. ಡೆನ್ವರ್ ನಗರದ ಜಾನ್ ಗೇಟ್ಸನು ೧೯೧೭ರಲ್ಲಿ ರಬ್ಬರು ಮತ್ತು ಬಟ್ಟೆಗಳಿಂದ ರೂಪಿಸಿದ ವಿ ಆಕಾರದ ಬೆಲ್ಟು ರಾಟೆಯ ಇಕ್ಕಟ್ಟಾದ ತೋಡಿನೊಳಕ್ಕೆ, ಮರ ಸೀಳುವ ಬೆಣೆಯಂತೆ, ತನ್ನ ಎರಡು ಪಾರ್ಶ್ವಗಳಿಂದ ಹೂತುಕೊಳ್ಳುವುದರಿಂದ, ಅಲ್ಪ ಬಿಗಿಯಲ್ಲಿಯೇ ಅಧಿಕ ಹಿಡಿತವನ್ನು ಪಡೆಯಿತು. ನೀರಿನ ಪಂಪು, ಡೈನಮೋಗಳೂ ಅದರ ಪಾಲಿಗೆ ಬಂದವು. ಬಿಗಿಯನ್ನು ಕಾಯುವ ಹೊಣೆಯಾದರೋ ಚಾಲಕನ ಹೆಬ್ಬೆರಳಿಗೆ ಇಳಿಯಿತು. ಎರಡು ರಾಟೆಗಳ ನಡುವೆ ಬೆಲ್ಟನ್ನು ಒತ್ತಿ ಅದು ಸುಮಾರು ಅರ್ಧ ಅಂಗುಲ ಬಗ್ಗುವುದನ್ನು ನೋಡಿ, ಹೆಚ್ಚು ಬಗ್ಗಿದರೆ ಡೈನಮೋವಿನ ಬೋಲ್ಟನ್ನು ಸಡಿಲಿಸಿ, ಸಲಾಕೆಯಿಂದ ಮೀಟಿ ಮತ್ತೆ ಬಿಗಿಯುವ ವಿದ್ಯೆಯನ್ನು ನಮ್ಮ ನಾಡಿನ ಅಂಬಾಸಿಡರ್ ಚಾಲಕರೂ ಬಲ್ಲವರಾಗಿದ್ದರು. ಅತಿಯಾಗಿ ಬಿಗಿದವನು ಬೇರಿಂಗುಗಳನ್ನು ಕಳೆದುಕೊಂಡನು. ತರುವಾಯ ಪವರ್ ಸ್ಟಿಯರಿಂಗ್, ಹವಾನಿಯಂತ್ರಣಗಳು ಬಂದಂತೆಲ್ಲ ಇಂಜಿನಿನ ಮುಂದೆ ಬೆಲ್ಟುಗಳ ಸಂಖ್ಯೆಯೂ ವೃದ್ಧಿಯಾಯಿತು.

೧೯೭೯ರ ಫೋರ್ಡ್ ಮಸ್ಟಾಂಗ್ ಕಾರಿನಲ್ಲಿ, ಸರ್ಪದಂತೆ ಸುತ್ತಿ ಬಳಸಿ ಎಲ್ಲ ರಾಟೆಗಳನ್ನೂ ತಿರುಗಿಸುವ ಒಂದೇ ಒಂದು ಬೆಲ್ಟು ಕಾಣಿಸಿಕೊಂಡಿತು. ಈ ಕ್ರಮವು ಹರಡಿದಂತೆ ಚಾಲಕನ ಹೆಬ್ಬೆರಳಿಗೆ ವಿರಾಮ ದೊರೆತು, ಟೆನ್ಷನರ್ ಎಂಬ ಸ್ಪ್ರಿಂಗಿನ ತೋಳು ಬಿಗಿಯ ಕಾವಲಿಗೆ ನಿಂತಿತು. ಸ್ಪ್ರಿಂಗೂ ಮುಪ್ಪಿಗೆ ಒಳಗಾಗತಕ್ಕದ್ದೇ. ಹಿಂದಿನ ನಿಯೋಪ್ರೀನ್ ಬೆಲ್ಟು ಬಿರುಕು ಬಿಟ್ಟು ತನ್ನ ಜೀರ್ಣಾವಸ್ಥೆಯನ್ನು ಸಾರುತ್ತಿದ್ದರೆ, ಈಚಿನ ಇಪಿಡಿಎಂ ರಬ್ಬರಿನದು ಬಿರುಕಿಲ್ಲದೆ ಟೈರಿನ ಹಾಗೆ ಸವೆಯುವುದರಿಂದ, ಕಣ್ಣಿಗೆ ಹೊಸದಾಗಿ ತೋರಿಯೂ ಜಾರುತ್ತಿರಬಹುದು.

ಆದಕಾರಣ ಇಂದಿನ ಮೆಕ್ಯಾನಿಕ್ಕನು ಮೊದಲು ಕಿವಿಗೊಡುತ್ತಾನೆ. ಹಕ್ಕಿಮರಿಯ ಹಾಗೆ ಬಿಟ್ಟುಬಿಟ್ಟು ಬರುವ ಚಿಲಿಪಿಲಿಯು ರಾಟೆಗಳು ಒಂದೇ ನೇರದಲ್ಲಿಲ್ಲವೆಂಬುದಕ್ಕೂ, ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿದಾಗಲೋ ಏಸಿಯನ್ನು ಹಾಕಿದಾಗಲೋ ಏಳುವ ದೀರ್ಘವಾದ ಕಿರುಚು ಬಿಗಿ ಸಾಲದೆಂಬುದಕ್ಕೂ ಸಾಮಾನ್ಯವಾಗಿ ಲಕ್ಷಣಗಳು. ಸಂದೇಹವುಳಿದರೆ, ಇಂಜಿನ್ ನಡೆಯುತ್ತಿರುವಾಗ, ಕೈಯನ್ನು ದೂರವಿಟ್ಟು, ಬೆಲ್ಟಿನ ಗೆರೆಗಳುಳ್ಳ ಪಾರ್ಶ್ವಕ್ಕೆ ಸ್ವಲ್ಪ ನೀರನ್ನು ಚಿಮುಕಿಸುತ್ತಾನೆ: ಧ್ವನಿಯು ಕ್ಷಣಕಾಲ ಅಡಗಿದರೆ ದೋಷವು ನೇರದ್ದು, ಹೆಚ್ಚಿದರೆ ಬಿಗಿಯದ್ದು. ಗುರುಗುಟ್ಟುವ ಶಬ್ದವಾದರೆ ಬೆಲ್ಟನ್ನು ಕಳಚಿ ರಾಟೆಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ, ಒರಟಾದ ಬೇರಿಂಗನ್ನು ಹುಡುಕುತ್ತಾನೆ. ಬೆಲ್ಟಿನ ಮೇಲೆ ಎಣ್ಣೆಯೋ ರೇಡಿಯೇಟರಿನ ನೀರೋ ಸೋರಿದ್ದರೆ, ಸೋರಿಕೆಯನ್ನು ನಿಲ್ಲಿಸದೆ ಹೊಸ ಬೆಲ್ಟನ್ನು ತೊಡಿಸುವುದು ನಿರರ್ಥಕ. ಡಬ್ಬಿಯಿಂದ ಸಿಂಪಡಿಸುವ ಅಂಟುದ್ರವವು ಗಿರಣಿಯಾಳಿನ ರಾಳದ ಮೊಮ್ಮಗನೇ ಸರಿ. ಅದು ಧ್ವನಿಯನ್ನು ಮುಚ್ಚುತ್ತದೆ, ಧೂಳನ್ನು ಕೂಡಿಸುತ್ತದೆ, ಬಿಗಿಯನ್ನಾಗಲಿ ನೇರವನ್ನಾಗಲಿ ತಿದ್ದುವುದಿಲ್ಲ.

೨೦೦೯ರಲ್ಲಿ ಬಂದ ಮೂರನೆಯ ತಲೆಮಾರಿನ ಟೊಯೊಟಾ ಪ್ರಿಯಸ್ ಕಾರಿನಲ್ಲಿ ನೀರಿನ ಪಂಪು, ಸ್ಟಿಯರಿಂಗ್, ಕಂಪ್ರೆಸರುಗಳೆಲ್ಲವೂ ವಿದ್ಯುತ್ತಿನಿಂದಲೇ ನಡೆಯುವುದರಿಂದ, ಇಂಜಿನಿನ ಮುಂದೆ ಈ ಬೆಲ್ಟಿಗೆ ಕೆಲಸವೇ ಉಳಿಯಲಿಲ್ಲ.